ಯಾರೂ ಮುಟ್ಟದ ಮೌಸ್

ಕೀಬೋರ್ಡಿನ ಗುಂಡಿಗಳ ಸಂದಿಗೆ ಇಳಿದ ರಕ್ತ ಒಣಗಿದ ಮೇಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸ್ಪೀಡು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಥಿನ್ನರಿನ ಡಬ್ಬಿಯಲ್ಲಿ ಅದ್ದಿ ಅದ್ದಿ ತಿಕ್ಕುತ್ತಿದ್ದ. ತಿಕ್ಕುವ ಲಯಕ್ಕೆ ಸರಿಯಾಗಿ ಸಣ್ಣಗೆ ಶಿಳ್ಳೆಯನ್ನೂ ಹಾಕುತ್ತಿದ್ದ.

ಆ ಶಿಳ್ಳೆ ಕೇಳಿದ್ದೇ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮೈಯೆಲ್ಲ ಉರಿದುಹೋಯಿತು.

"ಸತ್ತವನ ಕೀಬೋರ್ಡು ತೊಳೆಯೋಕೆ ಸಂಗೀತ ಬೇರೆ ಬೇಕೇನೋ?"

ಬ್ರಷ್ಷು ನಿಂತಿತು. ಸ್ಪೀಡು ತಿರುಗಿ ನೋಡಿದ. ಅವನ ಮುಖದ ಮೇಲೆ ಮೊದಲು ಬಂದದ್ದು ಗಿರಾಕಿಗೆಂದು ಇಟ್ಟುಕೊಂಡ ನಗು. ಬಂದವಳು ಯಾರೆಂದು ಗೊತ್ತಾದ ಮೇಲೆ ಅದು ಹಾಗೇ ಒಳಕ್ಕೆ ಹೋಯಿತು.

"ಅಕ್ಕ, ಬನ್ನಿ. ಏನು ಮಾಡೋದು ಹೇಳಿ, ಎಷ್ಟು ದಿನ ಅಂತ ಅಂಗಡಿ ಮುಚ್ಚಿಟ್ಕೊಂಡು ಕೂರಲಿ? ಇನ್ಸ್‌ಪೆಕ್ಟರ್ ಸಾಹೇಬ್ರೇ ಬೆಳಿಗ್ಗೆ ಬೀಗ ತೆಗೆಸಿ ಕೊಟ್ರು. ಎಲ್ಲ ತೊಳೆದು ಕೆಲಸ ಶುರು ಮಾಡ್ಕೋ ಅಂದ್ರು."

ಅಕ್ಕನ ಹುಬ್ಬು ಗಂಟಾಯಿತು. ಅವಳು ಪೊಲೀಸಿನಲ್ಲಿದ್ದ ಕಾಲದಲ್ಲಿ ಕೊಲೆಯಾದ ಜಾಗವನ್ನು ಇಷ್ಟು ಬೇಗ ಯಾರೂ ತೊಳೆಸುತ್ತಿರಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಅವಸರ ಎಂದುಕೊಂಡು ಒಳಗೆ ಬಂದಳು.

ಅವಳನ್ನು ಊರೆಲ್ಲ ಅಕ್ಕ ಎಂದೇ ಕರೆಯುವುದು. ನೌಕರಿಯಲ್ಲಿದ್ದಾಗ ಕಳ್ಳರೂ ಹಾಗೇ ಕರೆಯುತ್ತಿದ್ದರು, ಅವಳ ಕೈಯಿಂದ ಏಟು ತಿನ್ನುವಾಗಲೂ ಹಾಗೇ ಕೂಗಿಕೊಳ್ಳುತ್ತಿದ್ದರು. ಮೇಲಧಿಕಾರಿಯೊಬ್ಬನ ದವಡೆ ಮುರಿದು ಆ ನೌಕರಿಯನ್ನು ಕಳೆದುಕೊಂಡಳು. ಅಂದಿನಿಂದ ಪತ್ತೇದಾರಿಕೆಯೇ ಅವಳ ಅನ್ನ. ಊರಿಗೆಲ್ಲ ಅಕ್ಕನಾದರೂ ಅವಳಿಗೆ ಸ್ವಂತ ತಮ್ಮನೆಂದು ಇದ್ದವನು ಒಬ್ಬನೇ, ಅವನು ಈಗ ಲಾಕಪ್ಪಿನಲ್ಲಿದ್ದ.

ಸೋಮವಾರ ಮಧ್ಯಾಹ್ನ ಈ ಕಂಪ್ಯೂಟರ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಜಮಾನ ಮೇಷ್ಟ್ರು ತಲೆ ಜಜ್ಜಿಸಿಕೊಂಡು ಸತ್ತಿದ್ದರು, ಅವರ ತಲೆ ಜಜ್ಜಿದ ಯುಪಿಎಸ್ ಬ್ಯಾಟರಿಯನ್ನು ಹಿಡಿದುಕೊಂಡೇ ಅಲ್ಲೇ ಕೆಲಸಕ್ಕಿದ್ದ ಅಕ್ಕನ ತಮ್ಮ ಸಿಕ್ಕಿಬಿದ್ದಿದ್ದ.

ಅವಳು ಠಾಣೆಯಿಂದ ನೇರ ಇಲ್ಲಿಗೇ ಬಂದಿದ್ದಳು. ಅಲ್ಲಿ ತಮ್ಮ ಕಂಬಿಗಳ ಆಚೆ ಬಲಗೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ನಾಲ್ಕು ಬೆರಳೂ ಊದಿ ಕಪ್ಪಾಗಿದ್ದವು. ಒಂದು ಬೆರಳು ತಿರುಗಬಾರದ ಕಡೆಗೆ ತಿರುಗಿತ್ತು.

"ಬಾಗಿಲ ಸಂದಿಗೆ ಸಿಕ್ತು ಅಕ್ಕ," ಎಂದಿದ್ದ ತಮ್ಮ, ಹಿಂದೆ ನಿಂತಿದ್ದ ಕಾನ್ಸ್‌ಟೇಬಲ್ಲಿನ ಕಡೆ ಒಮ್ಮೆ ನೋಡಿ.

ಠಾಣೆಯ ಬಾಗಿಲ ಸಂದಿಗೆ ಬೆರಳು ಹೇಗೆ ಸಿಗುತ್ತದೆ ಎನ್ನುವುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಈಗಿನ ಇನ್ಸ್‌ಪೆಕ್ಟರ್ ಅವಳ ಕೈಕೆಳಗೇ ಪಳಗಿದವನು. ಕೂದಲೆಳೆಯಂಥ ತಂತಿಗಳನ್ನು ಬೆಸುಗೆ ಹಾಕಿ ಹೊಟ್ಟೆ ಹೊರೆಯುವ ಹುಡುಗನಿಗೆ ಆ ಬೆರಳುಗಳು ಹೋದರೆ ಜೀವ ಹೋದಂತೆಯೇ. ಸಂಜೆಯೊಳಗೆ ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತದಿದ್ದರೆ ಎಡಗೈಗೂ ಅದೇ ಗತಿ. ಒತ್ತಿದರೆ ಗಲ್ಲು. ಸಂಜೆಯೊಳಗೆ ನಿಜವಾದ ಕೊಲೆಗಾರನ ಕುತ್ತಿಗೆ ಹಿಡಿದು ಎಳೆದೊಯ್ಯಬೇಕು, ಅವಳಿಗೆ ಉಳಿದಿದ್ದ ದಾರಿ ಅದೊಂದೇ.

ಅಕ್ಕ ಕೌಂಟರಿನ ಮುಂದಿನ ಸ್ಟೂಲು ಎಳೆದುಕೊಂಡು ಕೂತಳು.

ಅಂಗಡಿ ಎರಡೇ ಕೋಣೆ. ಮುಂದೆ ಕೌಂಟರು, ಅದರ ಮೇಲೆ ಒಂದು ಕಂಪ್ಯೂಟರು, ಗೋಡೆಯ ಮೊಳೆಗಳಿಗೆ ಮಾರಾಟದ ಕೇಬಲ್ಲುಗಳ ಗೊಂಚಲು. ಮಧ್ಯೆ ಅರ್ಧ ಗಾಜಿನ ಬಾಗಿಲು. ಅದರಾಚೆ ಮೇಷ್ಟ್ರ ಕೆಲಸದ ಕೋಣೆ, ಬಿಚ್ಚಿಟ್ಟ ಕಂಪ್ಯೂಟರುಗಳು, ಓಣಿಗೆ ತೆರೆದುಕೊಳ್ಳುವ ಹಿಂಬಾಗಿಲು. ಮೇಜಿನ ಕೆಳಗೆ ಸಿಮೆಂಟು ಇನ್ನೂ ಕೆಂಪಗಿತ್ತು, ಅಷ್ಟು ದೂರ ಸ್ಪೀಡುವಿನ ಬ್ರಷ್ಷು ಇನ್ನೂ ಹೋಗಿರಲಿಲ್ಲ.

ಸತ್ತ ಯಜಮಾನ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಂದ ಗಿರಾಕಿಗೆಲ್ಲ ಪಾಠ ಹೇಳುತ್ತಿದ್ದರೆಂದು ಮೇಷ್ಟ್ರು ಅನ್ನುವ ಹೆಸರು ಬಿದ್ದಿತ್ತು. ಪಾಲುದಾರ ಸ್ಪೀಡುವಿನ ಹೆಸರೂ ಅಂಥದ್ದೇ. ನಿಧಾನವಾದ ಕಂಪ್ಯೂಟರನ್ನು ಚುರುಕು ಮಾಡುವ, ಡಿಸ್ಕು ಗುಡಿಸಿ ಸಾರಿಸುವ ಸಾಫ್ಟ್‌ವೇರ್ ಮಾರುತ್ತಿದ್ದ, ಆಡುವ ಪ್ರತಿ ಮಾತಿನಲ್ಲೂ ಒಂದು ಸ್ಪೀಡು ಇರುತ್ತಿತ್ತು.

"ಸೋಮವಾರದ್ದು ಇನ್ನೊಂದ್ಸಲ ಹೇಳು," ಎಂದಳು ಅಕ್ಕ.

"ಎಷ್ಟು ಸಲ ಅಕ್ಕ? ಪೊಲೀಸರಿಗೆ ಹೇಳಿದ್ದೀನಿ, ನಿಮಗೆ ಹೇಳಿದ್ದೀನಿ, ಮೇಷ್ಟ್ರ ಹೆಂಡ್ತಿಗೆ ಹೇಳಿದ್ದೀನಿ."

"ನನಗೆ ಮರೆವು ಜಾಸ್ತಿ."

"ಬೆಳಿಗ್ಗೆ ನಿಮ್ಮ ತಮ್ಮಂಗೂ ಮೇಷ್ಟ್ರಿಗೂ ಜಗಳ ಆಯ್ತು. ಮೇಷ್ಟ್ರು ಕಪಾಳಕ್ಕೆ ಬಿಟ್ರು. ಒಂದಿನ ನಿಮ್ಮ ತಲೆ ಒಡೀತೀನಿ ಅಂತ ಇವನು ಕೂಗಾಡಿದ. ಅಂಗಡಿ ತುಂಬ ಜನ ಇದ್ರು, ಎಲ್ಲರೂ ಕೇಳಿಸ್ಕೊಂಡಿದ್ದಾರೆ. ಮಧ್ಯಾಹ್ನ ನಾನು ಇದೇ ಕುರ್ಚಿ ಮೇಲೆ ಕೂತು ನಮ್ಮ ಕರಪತ್ರ ಟೈಪ್ ಮಾಡ್ತಿದ್ದೆ. ಊಟ ಮುಗಿಸಿ ಕೂತೋನು, ಸಂಜೆ ಅವನು ಕಿರುಚಿದ್ದು ಕೇಳೋವರೆಗೂ ಎದ್ದಿಲ್ಲ. ನೀರು ಕುಡಿಯೋಕೂ ಎದ್ದಿಲ್ಲ. ಒಳಗೆ ಫ್ಯಾನಿನ ಗದ್ದಲ, ಒಂದೂ ಕೇಳಿಸಲಿಲ್ಲ."

"ಇದೇ ಕಂಪ್ಯೂಟರಲ್ಲಿ ಟೈಪ್ ಮಾಡಿದ್ದಾ?"

"ಮುಂದೆ ಇರೋದು ಇದೊಂದೇ ಅಲ್ವಾ?"

ಅಕ್ಕ ತಲೆಯಾಡಿಸಿದಳು. ಇದೇ ಮಾತು ಇಡೀ ಕೇಸಿಗೆ ಬೀಗ ಹಾಕಿತ್ತು. ಸ್ಪೀಡು ಮುಂದೆ ಕೂತಿದ್ದರೆ ಮುಂಬಾಗಿಲಿನಿಂದ ಯಾರೂ ಒಳಗೆ ಹೋಗಿಲ್ಲ. ಹಿಂಬಾಗಿಲಿನಿಂದ ಬಂದನೆಂದು ಪೊಲೀಸರಿಗೆ ಸಿಕ್ಕವನು ತಮ್ಮನೊಬ್ಬನೇ. ರಿಪೇರಿಯಾದ ಕಂಪ್ಯೂಟರನ್ನು ಗಿರಾಕಿಯ ಮನೆಗೆ ಕೊಟ್ಟು ಓಣಿಯಿಂದ ವಾಪಸು ಬಂದೆ, ಮೇಷ್ಟ್ರ ಮುಖದ ಮೇಲೆ ಬ್ಯಾಟರಿ ಬಿದ್ದಿತ್ತು, ಎತ್ತಿದೆ ಎಂದು ಅವನು ಹೇಳಿದ್ದನ್ನು ಠಾಣೆಯಲ್ಲಿ ನಂಬಿದವರೇ ಇಲ್ಲ. ಇಟ್ಟಿಗೆಗಿಂತ ಭಾರದ ಆ ಯುಪಿಎಸ್ ಬ್ಯಾಟರಿಯ ತುಂಬ ಅವನದೇ ಬೆರಳಚ್ಚು ಇತ್ತು.

"ಜಗಳ ಯಾಕೆ ಆಯ್ತು?"

"ನನ್ನಿಂದಾನೇ ಅಂತ ಇಟ್ಕೊಳ್ಳಿ." ಸ್ಪೀಡು ಬ್ರಷ್ಷು ಕೆಳಗಿಟ್ಟ. "ಒಂದು ಅಜ್ಜಿ ಕಂಪ್ಯೂಟರಿಗೆ ನಮ್ಮ ಸಾಫ್ಟ್‌ವೇರ್ ಹಾಕು ಅಂದೆ, ನಿಮ್ಮ ತಮ್ಮ ಹಾಕಿದ. ಅದು ಆಮೇಲೆ ಆನ್ ಆಗಲಿಲ್ಲ. ಮೇಷ್ಟ್ರಿಗೆ ಅಷ್ಟೇ ಸಾಕಿತ್ತು. ನನ್ನ ಮಾಲು ಕಂಡ್ರೆ ಅವರಿಗೆ ಆಗ್ತಿರಲಿಲ್ಲ."

"ಯಾಕೆ? ಅದರಿಂದ ಉಪಯೋಗ ಇಲ್ವಾ?"

ಮಾರುವವನನ್ನು ಕೇಳಬಾರದ ಪ್ರಶ್ನೆ ಇದು. ಕೇಳಿದರೆ ಅವನಿಗೆ ಸುತ್ತಲಿನ ರಕ್ತವೂ ಮರೆತುಹೋಗುತ್ತದೆ. ಸ್ಪೀಡುವಿನ ಬೆನ್ನು ನೆಟ್ಟಗಾಯಿತು.

"ಉಪಯೋಗ ಇಲ್ಲದೆ ಏನಕ್ಕ? ಡಿಸ್ಕು ಅಂದ್ರೆ ಒಂದು ಬಟ್ಟೆ ಬೀರು ಅನ್ಕೊಳ್ಳಿ. ಅಂಗಿ ಮೇಲಿನ ಅರೇಲಿ, ಅದರ ತೋಳು ಕೆಳಗಿನ ಅರೇಲಿ. ಹುಡುಕೋಕೆ ಹೊತ್ತು ಹಿಡಿಯಲ್ವಾ? ನಮ್ಮದು ತೋಳು ತಂದು ಅಂಗಿಗೆ ಸೇರಿಸುತ್ತೆ."

"ಅಂಗಿ ತೋಳು ಕಿತ್ತು ಬೇರೆ ಅರೇಲಿ ಇಡೋ ಮಂಗ ಯಾರೋ?"

"ಕಂಪ್ಯೂಟರೇ ಇಡುತ್ತೆ ಅಕ್ಕ, ಅದರ ಜಾಯಮಾನ ಅದು. ಅದಕ್ಕೇ ನಾವು ಬೇಕಾಗಿರೋದು."

"ಮೇಷ್ಟ್ರು ಏನಂತಿದ್ರು?"

"ದಂಡ ಅಂತಿದ್ರು." ಅವನ ಮೂತಿ ಸೊಟ್ಟಗಾಯಿತು. "ಹಳೇ ಡಿಸ್ಕಿಗೆ ಈ ಕೆಲಸ ಕಂಪ್ಯೂಟರೊಳಗೇ ಪುಕ್ಕಟೆ ಇದೆ, ಅದೇ ಸಾಕು. ಹೊಸ ಡಿಸ್ಕಲ್ಲಿ ತಿರುಗೋ ತಟ್ಟೇನೇ ಇಲ್ಲ, ಅದನ್ನ ಜೋಡ್ಸೋಕೆ ಹೋದ್ರೆ ಸುಮ್ನೆ ಸವೆಯುತ್ತೆ ಅಂತಿದ್ರು. ಬೇಡದ ನಾಲ್ಕು ಪ್ರೋಗ್ರಾಮ್ ಕಿತ್ತುಹಾಕಿದ್ರೆ ಯಾವ ಕಂಪ್ಯೂಟರಾದ್ರೂ ಓಡುತ್ತೆ, ಮೊದಲು ಕೀಳಬೇಕಾದ್ದು ನಿಂದೇ ಅಂತ ಗಿರಾಕಿ ಎದುರಿಗೇ ಹೇಳೋರು. ಹೊಟ್ಟೆ ಉರಿ ಅಕ್ಕ, ಇನ್ನೇನು?"

"ನಿಂದು ಓಡುವಾಗ ಕೆಲಸ ಮಾಡ್ತಿರೋರಿಗೆ ತೊಂದರೆ ಆಗಲ್ವಾ? ನನ್ನ ಪಕ್ಕದ ಮನೆಯವರು ಹಾಕಿಸ್ಕೊಂಡು ಬೈಕೋತಿದ್ರು."

"ಅದು ಬೇರೆಯವರ ಮಾಲಿರಬೇಕು." ಸ್ಪೀಡು ಕೌಂಟರಿನ ಮೇಲೆ ಮುಂದಕ್ಕೆ ಬಾಗಿದ. "ನಮ್ಮದರ ಮರ್ಯಾದೆ ನೋಡ್ಬೇಕು ನೀವು. ಕಂಪ್ಯೂಟರ್ ಮುಂದೆ ಯಾರೂ ಇಲ್ಲ ಅಂದ್ರೆ ಮಾತ್ರ ಎದ್ದು ಕೆಲಸ ಶುರು ಮಾಡುತ್ತೆ. ಒಂದು ಗುಂಡಿ ಒತ್ತಲಿ, ಮೌಸು ಒಂಚೂರು ಅಲ್ಲಾಡಲಿ, ತಕ್ಷಣ ನಿಲ್ಲಿಸಿಬಿಡುತ್ತೆ. ಅತ್ತೆ ಮಲಗಿದ ಮೇಲೆ ಅಡುಗೆಮನೆಗೆ ನುಗ್ಗೋ ಸೊಸೆ ಥರ. ಅತ್ತೆ ಕೆಮ್ಮಿದ್ರೆ ಸಾಕು, ವಾಪಸ್ ಬಂದು ಮಲಗಿರ್ತಾಳೆ."

ಅಕ್ಕ ನಕ್ಕಳು. ಸ್ಪೀಡುವೂ ನಕ್ಕ.

ನಗುತ್ತಲೇ ಅವಳು ಕೌಂಟರಿನ ಮೇಲಿದ್ದ ಮಾನಿಟರಿನ ಕಡೆ ನೋಡಿದಳು. ಅಂಗಡಿಯೊಳಗೆ ಬಂದಾಗಲೇ ಅದು ಅವಳ ಕಣ್ಣಿಗೆ ಬಿದ್ದಿತ್ತು. ಸ್ಪೀಡು ಅದನ್ನು ಯಾವಾಗಲೂ ಗಿರಾಕಿಯ ಕಡೆಗೆ ತಿರುಗಿಸಿಟ್ಟಿರುತ್ತಿದ್ದ, ಟೈಪ್ ಮಾಡುವಾಗ ಮಾತ್ರ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಕಂಪ್ಯೂಟರು ಆನ್ ಆದ ಕೂಡಲೇ ಅವನ ಸಾಫ್ಟ್‌ವೇರ್ ತಾನು ಕಳೆದ ಸಲ ಮಾಡಿದ ಘನಕಾರ್ಯವನ್ನು ಪರದೆಯ ತುಂಬ ಬರೆದುಕೊಂಡು ನಿಲ್ಲುತ್ತಿತ್ತು. ಆ ಚೌಕವನ್ನು ಸ್ಪೀಡು ಎಂದೂ ಮುಚ್ಚುತ್ತಿರಲಿಲ್ಲ. ಬಂದವರೆಲ್ಲ ಓದಲಿ, ಪುಕ್ಕಟೆ ಜಾಹೀರಾತು ಎನ್ನುವುದು ಅವನ ಲೆಕ್ಕ. ಬೆಳಿಗ್ಗೆ ಕಂಪ್ಯೂಟರು ಹಚ್ಚಿ ಅಭ್ಯಾಸದಂತೆ ಹಾಗೇ ಬಿಟ್ಟು ರಕ್ತ ತೊಳೆಯಲು ಕೂತಿದ್ದ.

"ಇಲ್ಲೇನೋ ಬರೆದಿದೆಯಲ್ಲೋ," ಎಂದಳು ಅಕ್ಕ. "ಓದಲಾ?"

"ಓದಿ ಅಕ್ಕ, ನೀವೂ ಒಂದು ಹಾಕಿಸ್ಕೊಳ್ಳಿ."

"ಸೋಮವಾರ ಮಧ್ಯಾಹ್ನ ನಿಮ್ಮ ಡಿಸ್ಕನ್ನು ಪೂರ್ತಿಯಾಗಿ ಜೋಡಿಸಿದ್ದೇನೆ. ಊಟದ ಹೊತ್ತಿಗೆ ಶುರು, ಸಂಜೆಗೆ ಮುಕ್ತಾಯ. ನಡುವೆ ಒಮ್ಮೆಯೂ ನಿಲ್ಲಿಸಬೇಕಾಗಲಿಲ್ಲ."

ಅವಳು ಒಂದೊಂದೇ ಪದವನ್ನು ಬಿಡಿಸಿ ಓದಿದಳು. ಓದಿ ಮುಗಿಸಿದಾಗ ಸ್ಪೀಡುವಿನ ಹಲ್ಲು ಇನ್ನೂ ಕಾಣುತ್ತಿತ್ತು, ಆದರೆ ನಗು ಇರಲಿಲ್ಲ.

"ಅತ್ತೆ ಮಧ್ಯಾಹ್ನ ಪೂರ್ತಿ ಕೆಮ್ಮೇ ಇಲ್ವಲ್ಲೋ," ಎಂದಳು ಅಕ್ಕ. "ಕರಪತ್ರ ಯಾವ ಬೆರಳಲ್ಲಿ ಟೈಪ್ ಮಾಡಿದೆ? ಈ ಕುರ್ಚಿ ಮೇಲೆ ಯಾರೂ ಇರಲಿಲ್ಲ. ನೀನೆಲ್ಲಿದ್ದೆ?"

ಸ್ಪೀಡು ಥಿನ್ನರಿನ ಡಬ್ಬಿ ಎತ್ತಿ ಅವಳ ಮುಖಕ್ಕೆ ಎರಚಿದ.

ಕಣ್ಣಿಗೆ ಬೆಂಕಿ ಬಿದ್ದ ಹಾಗಾಯಿತು. ಅಕ್ಕ ಮುಖ ಒರೆಸಿಕೊಳ್ಳುವಷ್ಟರಲ್ಲಿ ಕೀಬೋರ್ಡು ಅವಳ ಕಿವಿಯ ಮೇಲೆ ಬಿದ್ದು ಎರಡು ತುಂಡಾಯಿತು, ಗುಂಡಿಗಳು ಪಟಪಟನೆ ನೆಲದ ತುಂಬ ಚೆಲ್ಲಿದವು. ಅವಳು ಸ್ಟೂಲಿನ ಸಮೇತ ಹಿಂದಕ್ಕೆ ಉರುಳಿದಳು. ಮಂಜಾದ ಕಣ್ಣಿಗೆ ಕಂಡದ್ದು ಇಷ್ಟು: ಸ್ಪೀಡು ತನ್ನ ಮೇಲೆ ಬರುತ್ತಿಲ್ಲ, ಎರಡೂ ಕೈಯಲ್ಲಿ ಮಾನಿಟರು ಕಂಪ್ಯೂಟರುಗಳನ್ನು ಬಾಚಿ ಎತ್ತಲು ನೋಡುತ್ತಿದ್ದಾನೆ.

ಅದು ನೆಲಕ್ಕೆ ಬಿದ್ದರೆ ತಮ್ಮನ ಜೀವವೂ ಅದರ ಜೊತೆಗೇ ಬಿದ್ದಂತೆ. ಅಕ್ಕ ಬಿದ್ದಲ್ಲಿಂದಲೇ ಕೌಂಟರಿನ ಕೆಳಗೆ ತೂರಿ ಅವನ ಮೊಣಕಾಲಿಗೆ ಒದ್ದಳು. ಕಾಲು ಪಕ್ಕಕ್ಕೆ ಮಡಚಿಕೊಂಡಿತು. ಸ್ಪೀಡು ಊಳಿಟ್ಟು ಕುಸಿದ. ಕಂಪ್ಯೂಟರು ಕೌಂಟರಿನ ಅಂಚಿನವರೆಗೂ ಜಾರಿ ಅಲ್ಲೇ ನಿಂತಿತು.

ಅವಳು ಅವನ ಕೂದಲು ಹಿಡಿದು ಮುಖವನ್ನು ಕೌಂಟರಿನ ಮರಕ್ಕೆ ಜಜ್ಜಿದಳು. ಮೂಗು ಮುರಿದ ಸದ್ದು ಅವಳಿಗೆ ಪರಿಚಯದ್ದು. ಎರಡನೆಯ ಸಲ ಜಜ್ಜುವಾಗ ತೊಡೆಯಲ್ಲಿ ಏನೋ ತಣ್ಣಗಾಯಿತು. ಬಗ್ಗಿ ನೋಡಿದರೆ ಸ್ಕ್ರೂಡ್ರೈವರಿನ ಹಿಡಿ ಮಾತ್ರ ಕಾಣುತ್ತಿತ್ತು, ಉಳಿದದ್ದು ಒಳಗಿತ್ತು.

ನೋವು ಆಮೇಲೆ ಬಂತು. ಬಂದಾಗ ಅವಳಿಗೆ ನೋವಿಗಿಂತ ಸಿಟ್ಟೇ ಜಾಸ್ತಿಯಾಯಿತು. ಈ ಮೂಗು ಮುರುಕ ಹೇಳಿದ ಒಂದು ಸುಳ್ಳಿಗೆ ಅವಳ ತಮ್ಮನ ಬೆರಳುಗಳು ಹೋಗಿದ್ದವು.

ಗೋಡೆಯ ಮೊಳೆಯಿಂದ ಒಂದು ಕೇಬಲ್ಲು ಕಿತ್ತು ಅವನ ಕುತ್ತಿಗೆಗೆ ಸುತ್ತಿದಳು. ಬೆನ್ನ ಮೇಲೆ ಮಂಡಿಯೂರಿ ಎಳೆದಳು. ಸ್ಪೀಡುವಿನ ಕಾಲು ನೆಲಕ್ಕೆ ಬಡಿಯತೊಡಗಿತು, ಕೀಬೋರ್ಡಿನ ಗುಂಡಿಗಳು ಅವನ ಹಿಮ್ಮಡಿಯ ಕೆಳಗೆ ಪುಡಿಯಾದವು.

"ಕೊಂದಿದ್ದು ನೀನೇ ಅಲ್ವೇನೋ?"

ಅವನು ಬೆರಳು ಆಡಿಸಿ ಇಲ್ಲ ಎಂದ. ಅಕ್ಕ ಸ್ವಲ್ಪ ಸಡಿಲ ಬಿಟ್ಟಳು.

"ಅಲ್ಲ ಅಕ್ಕ... ನಿಮ್ಮ ದಮ್ಮಯ್ಯ... ನಾನು ನೋಡಿದೆ ಅಷ್ಟೇ."

"ಏನು ನೋಡಿದೆ?"

ಸ್ಪೀಡು ರಕ್ತ ಉಗುಳಿದ. ಅದರ ಜೊತೆಗೆ ಒಂದು ಹಲ್ಲೂ ಬಂತು.

"ಮೇಷ್ಟ್ರ ಚಾಳಿ ನಿಮಗೂ ಗೊತ್ತಲ್ಲ. ನಮ್ಮ ಸಾಫ್ಟ್‌ವೇರಲ್ಲಿ ಕಸ ಗುಡಿಸಿದ್ದೀನಿ ಅಂತ ಯಾವ ಗಿರಾಕಿ ಹೇಳಿದ್ರೂ ಸಾಕು, ಬನ್ನಿ ಕೂತ್ಕೊಳ್ಳಿ, ಒಂದು ತಮಾಷೆ ತೋರಿಸ್ತೀನಿ ಅನ್ನೋರು."

ಗೊತ್ತಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಅದನ್ನು ಹೇಳಿಕೊಂಡು ನಗುತ್ತಿದ್ದ. ಅಳಿಸಿದ್ದು ಎನ್ನುವುದೆಲ್ಲ ನಿಜವಾಗಿ ಅಳಿಸಿರುವುದಿಲ್ಲ, ಹೆಸರು ಮಾತ್ರ ಹೋಗಿರುತ್ತದೆ, ಸಾಮಾನು ಡಿಸ್ಕಿನಲ್ಲೇ ಬಿದ್ದಿರುತ್ತದೆ. ಮೇಷ್ಟ್ರು ಅದನ್ನು ಒಂದೊಂದಾಗಿ ಎತ್ತಿ ತಂದು, ಗಿರಾಕಿಯ ಕಣ್ಣೆದುರಿಗೇ ತೆರೆದು, ಇದೇ ನೋಡಿ ನೀವು ಗುಡಿಸಿದ ಕಸ ಎಂದು ತೋರಿಸುತ್ತಿದ್ದರು. ಸ್ಪೀಡುವಿನ ಮಾಲಿನ ಮಾನ ಕಳೆಯಲು ಅವರಿಗೆ ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಒಮ್ಮೆ ಒಬ್ಬನ ಹಳೆಯ ಪ್ರೇಮಪತ್ರಗಳು ಅವನ ಹೆಂಡತಿಯ ಎದುರಿಗೇ ಎದ್ದು ಬಂದು, ಆ ದಂಪತಿ ಕಂಪ್ಯೂಟರನ್ನು ಅಲ್ಲೇ ಬಿಟ್ಟು ಜಗಳವಾಡಿಕೊಂಡು ಹೋಗಿದ್ದರು. ಏನು ಎದ್ದು ಬರುತ್ತದೆಂದು ಮೇಷ್ಟ್ರು ಮೊದಲೇ ನೋಡಿಕೊಳ್ಳುತ್ತಿರಲಿಲ್ಲ. ಗಿರಾಕಿಯ ಜೊತೆಗೇ ನೋಡಿದರೆ ತಾನೇ ಮಜಾ ಎನ್ನುತ್ತಿದ್ದರು.

"ಸೋಮವಾರ ಒಬ್ಬ ಗಿರಾಕಿ ಲ್ಯಾಪ್‌ಟಾಪ್ ತಂದಿದ್ದ," ಎಂದ ಸ್ಪೀಡು. "ನನ್ನ ಹತ್ರಾನೇ ಸಾಫ್ಟ್‌ವೇರ್ ತಗೊಂಡು ಹೋಗಿದ್ದ. ಇದರಲ್ಲಿ ಗುಡಿಸಿದ್ರೆ ಪೂರ್ತಿ ಹೋಗುತ್ತಾ, ಯಾರಿಗೂ ಸಿಗಲ್ವಾ ಅಂತ ಕೇಳಿದ್ದ. ಸಿಗಲ್ಲ ಅಂತ ನಾನೇ ಹೇಳಿದ್ದೆ. ಮಾರೋ ಭರಾಟೇಲಿ ಹೇಳಿಬಿಟ್ಟೆ ಅಕ್ಕ. ಗುಡಿಸಿದ ಮೇಲೆ ಲ್ಯಾಪ್‌ಟಾಪ್ ಇನ್ನೂ ನಿಧಾನ ಆಯ್ತು, ಅದಕ್ಕೇ ತಂದ. ನಾನೇ ಒಳಗೆ ಕರ್ಕೊಂಡು ಹೋದೆ. ಮೇಷ್ಟ್ರು ಕೂರಿಸ್ಕೊಂಡ್ರು, ತಮಾಷೆ ತೋರಿಸ್ತೀನಿ ಅಂದ್ರು. ನನ್ನನ್ನೂ ಅಲ್ಲೇ ನಿಲ್ಲಿಸಿದ್ರು, ಬುದ್ಧಿ ಬರಲಿ ಅಂತ. ಒಂದು ವಿಡಿಯೋ ಎದ್ದು ಬಂತು."

"ಏನಿತ್ತು ಅದರಲ್ಲಿ?"

"ಇರಬಾರದ್ದಿತ್ತು."

"ಆಮೇಲೆ?"

"ಮೇಷ್ಟ್ರು ತಿರುಗಿ ಏನೋ ಹೇಳೋಕೆ ಬಾಯಿ ತೆಗೆದ್ರು. ಆ ಗಿರಾಕಿ ಪಕ್ಕದಲ್ಲಿದ್ದ ಬ್ಯಾಟರಿ ಎತ್ತಿ..." ಸ್ಪೀಡು ಅಳತೊಡಗಿದ. "ಒಂದೇ ಏಟಿಗೆ ಸಾಯಲಿಲ್ಲ ಅಕ್ಕ. ಮೇಜಿನ ಮೇಲೆ ಬಿದ್ದು ಕೈ ಕಾಲು ಆಡಿಸ್ತಿದ್ರು. ಅವನು ಅವರ ಕಾಲರು ಹಿಡ್ಕೊಂಡು ಹೊಡೀತಾನೇ ಇದ್ದ. ಅವರ ಮುಖ ಅಂತ ಉಳೀಲೇ ಇಲ್ಲ. ಆಮೇಲೆ ಕರವಸ್ತ್ರದಲ್ಲಿ ಬ್ಯಾಟರಿ ಒರೆಸಿ ಅವರ ಮೇಲೇ ಇಟ್ಟ, ಲ್ಯಾಪ್‌ಟಾಪ್ ಎತ್ಕೊಂಡ. ನನ್ನ ಕಡೆ ನೋಡಿ, ನೀನು ಮಧ್ಯಾಹ್ನ ಪೂರ್ತಿ ಕೌಂಟರಲ್ಲೇ ಕೂತಿದ್ದೆ, ಎದ್ದಿಲ್ಲ ಅಂದ. ನಾನು ಹೂಂ ಅಂದೆ. ಸಂಜೆವರೆಗೂ ಒಳಗೇ ಗೋಡೆಗೆ ಒರಗಿ ಕೂತಿದ್ದೆ, ಓಣೀಲಿ ನಿಮ್ಮ ತಮ್ಮನ ಹೆಜ್ಜೆ ಸದ್ದು ಕೇಳಿದ ಮೇಲೆ ಮುಂದಕ್ಕೆ ಓಡಿ ಬಂದೆ."

ಇದು ಸುಳ್ಳಲ್ಲ. ಏಟು ತಿಂದವರ ಬಾಯಲ್ಲಿ ಸುಳ್ಳು ಯಾವುದು ನಿಜ ಯಾವುದು ಎನ್ನುವುದರಲ್ಲಿ ಅವಳು ಎಡವುತ್ತಿದ್ದದ್ದು ಕಡಿಮೆ. ತಮ್ಮ ಬದುಕಿಕೊಂಡ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ ಕೂಡಲೇ ತೊಡೆಯ ನೋವೂ ಸಹ್ಯವಾಯಿತು.

"ಯಾರು ಆ ಗಿರಾಕಿ?"

ಸ್ಪೀಡು ಮುಖವನ್ನು ನೆಲಕ್ಕೆ ಒತ್ತಿಕೊಂಡ.

"ಹೆಸರು ಹೇಳು."

"ಆಗಲ್ಲ ಅಕ್ಕ. ಹೇಳಿದ್ರೆ ನಾನೂ ಇರಲ್ಲ, ನೀವೂ ಇರಲ್ಲ."

"ನನಗೆ ಹೇಳ್ಬೇಡ. ಪೊಲೀಸರಿಗೆ ಹೇಳು." ಅವಳು ಒಂದು ಕೈಯಲ್ಲಿ ಕೇಬಲ್ಲು ಬಿಗಿ ಹಿಡಿದು ಇನ್ನೊಂದು ಕೈಯಿಂದ ಮೊಬೈಲು ತೆಗೆದಳು. ನಂಬರು ಒತ್ತಿ, ದನಿ ಜೋರಾಗಿ ಕೇಳುವಂತೆ ಮಾಡಿ, ಅವನ ಮುಖದ ಪಕ್ಕದಲ್ಲೇ ನೆಲದ ಮೇಲಿಟ್ಟಳು.

"ಹೇಳಿ ಅಕ್ಕ," ಎಂದಿತು ಇನ್ಸ್‌ಪೆಕ್ಟರನ ದನಿ.

"ಸಾಹೇಬ್ರೇ, ನನ್ನ ತಮ್ಮನ್ನ ಬಿಡೋ ಹೊತ್ತು ಬಂತು. ಸ್ಪೀಡು ಸೋಮವಾರ ಕೌಂಟರಲ್ಲಿ ಇರಲಿಲ್ಲ, ಅವನು ಹೇಳಿದ್ದು ಸುಳ್ಳು ಅಂತ ಅವನ ಕಂಪ್ಯೂಟರೇ ಪರದೆ ಮೇಲೆ ಬರ್ಕೊಂಡು ಕೂತಿದೆ. ಕೊಲೆಯಾಗಿದ್ದನ್ನ ಇವನು ಕಣ್ಣಾರೆ ನೋಡಿದ್ದಾನೆ. ಈಗ ಹೆಸರು ಹೇಳ್ತಾನೆ, ನೀವೇ ಕೇಳಿಸ್ಕೊಳ್ಳಿ."

"ಕೇಳಿಸ್ಕೊಳ್ತಿದ್ದೀನಿ," ಎಂದ ಇನ್ಸ್‌ಪೆಕ್ಟರ್.

ಸ್ಪೀಡುವಿನ ಮುಖ ನೋಡಬೇಕಿತ್ತು. ಇದ್ದ ರಕ್ತವೆಲ್ಲ ಮೂಗಿನಿಂದ ಸೋರಿಹೋದವನಂತೆ ಬಿಳುಚಿಕೊಂಡಿತ್ತು. ಅವನು ಜೋರಾಗಿ ತಲೆ ಅಲ್ಲಾಡಿಸಿದ. ಕಣ್ಣಲ್ಲೇ ಮೊಬೈಲು ತೋರಿಸಿದ, ಬೇಡ ಎನ್ನುವಂತೆ ಕೈ ಆಡಿಸಿದ. ಶಬ್ದವಿಲ್ಲದೆ ತುಟಿ ಅಲುಗಿಸಿದ. ನೆಲದ ಮೇಲೆ ಕೈ ಚಾಚಿ ಮೊಬೈಲನ್ನು ಆಚೆ ತಳ್ಳಲೂ ನೋಡಿದ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಅಕ್ಕನ ಕಣ್ಣಲ್ಲಿ ಇನ್ನೂ ಥಿನ್ನರು ಉರಿಯುತ್ತಿತ್ತು, ಕಣ್ಣು ಮುಚ್ಚಿದರೆ ತಮ್ಮನ ಕಪ್ಪಾದ ಬೆರಳುಗಳು ಕಾಣುತ್ತಿದ್ದವು. ಇಷ್ಟು ಹತ್ತಿರ ಬಂದ ಮೇಲೆ ಈ ನಾಲಿಗೆ ಮತ್ತೆ ಒಳಗೆ ಸೇರಿಕೊಂಡರೆ ಸಂಜೆಯವರೆಗೂ ಹೊರಗೆ ಬರುವುದಿಲ್ಲ ಎಂದು ಅವಳಿಗನ್ನಿಸಿತು. ಮೊಬೈಲು ತಳ್ಳಲು ಹೋದ ಆ ಕೈಯ ಮೇಲೆ ಅವಳು ಚಪ್ಪಲಿ ಕಾಲು ಇಟ್ಟಳು. ಮೈಭಾರವೆಲ್ಲ ಬಿಟ್ಟಳು.

ಸ್ಪೀಡು ಕಿರುಚಿದ.

"ಹೆಸರು."

"ಬೇಡ ಅಕ್ಕ..."

ಅವಳು ಹಿಮ್ಮಡಿ ತಿರುಗಿಸಿದಳು. ಏನೋ ಲಟಕ್ಕೆಂದಿತು. ಕೇಬಲ್ಲನ್ನೂ ಎಳೆದಳು. ಮತ್ತೆ ಸಡಿಲ ಬಿಟ್ಟಾಗ ಅವನು ಗಾಳಿಯ ಜೊತೆಗೇ ಮಾತನ್ನೂ ಹೊರಗೆ ಹಾಕಿದ.

"ಇವ್ನೇ! ಈ ಫೋನಲ್ಲಿರೋನೇ! ಇನ್ಸ್‌ಪೆಕ್ಟರೇ ಕೊಂದಿದ್ದು! ಆ ವಿಡಿಯೋದಲ್ಲಿ ಲಾಕಪ್ಪಲ್ಲಿ ಒಬ್ಬನ್ನ ಹೊಡೆದು ಸಾಯಿಸ್ತಿದ್ರು, ಹೊಡೀತಿದ್ದೋನು ಇವ್ನೇ!"

ಅಕ್ಕನ ಕೈ ಹಾಗೇ ನಿಂತಿತು.

ರಸ್ತೆಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆದುಕೊಂಡು ಹೋಯಿತು. ಅಷ್ಟು ಬೇಗ ತೆಗೆಸಿದ ಬೀಗ, ಅಷ್ಟು ಬೇಗ ತೊಳೆಸಿದ ರಕ್ತ, ಅಷ್ಟು ಬೇಗ ಬೇಕಾಗಿದ್ದ ಹೆಬ್ಬೆಟ್ಟು ಎಲ್ಲವೂ ಅವಳ ತಲೆಯಲ್ಲಿ ಒಂದರ ಹಿಂದೊಂದು ಬಂದು ಕೂತವು. ಬೆಳಗಿನಿಂದ ಎಲ್ಲವೂ ಕಣ್ಣೆದುರಿಗೇ ಇತ್ತು. ಅವಳೇ ಫೋನು ಮಾಡಿ, ಅವಳೇ ಬಾಯಿ ಬಿಡಿಸಿ, ಸಾಕ್ಷಿಯನ್ನು ಕೊಲೆಗಾರನ ಕಿವಿಗೆ ಹಾಕಿದ್ದಳು. ಆ ಕೊಲೆಗಾರನ ಕೈಯಲ್ಲಿ ಅವಳ ತಮ್ಮ ಇದ್ದ.

ಮೊಬೈಲಿನಲ್ಲಿ ಕುರ್ಚಿ ಎಳೆದ ಸದ್ದಾಯಿತು. ಹೆಜ್ಜೆಗಳು. ಕಬ್ಬಿಣದ ಬಾಗಿಲೊಂದು ತೆರೆದುಕೊಂಡಿತು.

"ನೀವು ಬದಲಾಗಲೇ ಇಲ್ಲ ಅಕ್ಕ," ಎಂದ ಇನ್ಸ್‌ಪೆಕ್ಟರ್. ಅವನ ದನಿ ಒಂದಿಷ್ಟೂ ಏರಿರಲಿಲ್ಲ. "ಬಾಯಿ ಬಿಡಿಸೋ ತನಕ ಬಿಡಲ್ಲ. ನನಗೆ ಕಲಿಸಿದ್ದೂ ಇದನ್ನೇ."

"ಅವನನ್ನ ಮುಟ್ಟಬೇಡ."

"ಮುಟ್ಟೋದು ಬಿಡೋದು ನಿಮ್ಮ ಕೈಲಿದೆ. ನಿಮ್ಮ ತಮ್ಮನ ಎಡಗೈ ಈಗ ಮೇಜಿನ ಮೇಲಿದೆ."

ಒಂದು ಏಟಿನ ಸದ್ದು ಬಂತು. ಅದರ ಹಿಂದೆಯೇ ತಮ್ಮನ ಕೂಗು. ಚಿಕ್ಕವನಿದ್ದಾಗ ಜ್ವರ ಬಂದು ನರಳುತ್ತಿದ್ದ ದನಿಯಲ್ಲೇ ಅವನು ಅಕ್ಕಾ, ಅಕ್ಕಾ ಎಂದು ಕೂಗಿದ. ಅಕ್ಕ ತುಟಿ ಕಚ್ಚಿಕೊಂಡಳು, ಬಾಯಲ್ಲಿ ರಕ್ತದ ರುಚಿಯಾಯಿತು.

"ಕಿರುಬೆರಳು ಅಷ್ಟೇ," ಎಂದ ಇನ್ಸ್‌ಪೆಕ್ಟರ್. "ಸರಿಯಾಗಿ ಕೇಳಿ. ಅಲ್ಲಿ ನೀವಿಬ್ರೇ ಇದ್ದೀರಿ. ಸ್ಪೀಡು ಮಧ್ಯಾಹ್ನ ಕೌಂಟರಲ್ಲಿರಲಿಲ್ಲ, ಸುಳ್ಳು ಹೇಳಿದ್ದ, ನೀವೇ ಕಂಡುಹಿಡಿದ್ರಿ. ಎಂಥ ಬುದ್ಧಿ ಅಕ್ಕ ನಿಮ್ಮದು. ಸಿಕ್ಕಿಬಿದ್ದೆ ಅಂತ ಗೊತ್ತಾಗಿ ನಿಮ್ಮ ಮೇಲೆ ಬಿದ್ದ. ಮೈಮೇಲೆ ಗಾಯ ಆಗಿರಬೇಕಲ್ಲ? ಜೀವ ಉಳಿಸ್ಕೊಳ್ಳೋಕೆ ನೀವು ತಿರುಗಿ ಹೊಡೆದ್ರಿ, ಸತ್ತ. ಮೇಷ್ಟ್ರನ್ನ ಕೊಂದೋನು ಅವನೇ. ಕೇಸು ನಾನೇ ಬರೀತೀನಿ. ಸಂಜೆ ನಿಮ್ಮ ತಮ್ಮ ಮನೆಗೆ ಬರ್ತಾನೆ."

ತಮ್ಮನನ್ನು ಉಳಿಸಲು ಅವಳು ಹುಡುಕಿದ ಸಾಕ್ಷಿ ಪರದೆಯ ಮೇಲೆ ಹಾಗೇ ಇತ್ತು. ಸತ್ತವನ ತಲೆಗೆ ಕೊಲೆ ಕಟ್ಟಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದು ಬೇಕಿರಲಿಲ್ಲ.

"ನಾನು ಫೋನ್ ಇಡಲ್ಲ," ಎಂದ ಇನ್ಸ್‌ಪೆಕ್ಟರ್. "ಕೇಳಿಸ್ಕೊಳ್ತಿರ್ತೀನಿ. ಹೊತ್ತು ಮಾಡಿದಷ್ಟೂ ಬೆರಳು ಕಡಿಮೆ ಆಗ್ತವೆ."

ಸ್ಪೀಡುವೂ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಒದ್ದಾಡಲಿಲ್ಲ. ಮುರಿಯದೆ ಉಳಿದ ಕೈಯನ್ನು ಹಿಂದಕ್ಕೆ ತಂದು, ಕೇಬಲ್ಲು ಹಿಡಿದ ಅವಳ ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡ.

ಮೊಬೈಲಿನಲ್ಲಿ ಇನ್ನೊಂದು ಏಟು ಬಿತ್ತು.

"ಏನಾದ್ರೂ ಮಾಡು ಅಕ್ಕ," ಎಂದು ಅತ್ತ ತಮ್ಮ. "ಅವರು ಹೇಳಿದ್ದು ಮಾಡಿಬಿಡು."

ಅಕ್ಕ ಕೇಬಲ್ಲನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.